ಬೇಸಿಗೆ ದಾಟಬೇಕಾದ ಮಗ್ಗ

ಜಮಖಂಡಿ ಸಂಸ್ಥಾನದವರು ಊರ ಹೊರಗೆ ಒಂದು ಉದ್ಯೋಗಶಾಲೆ ನಡೆಸುತ್ತಿದ್ದರು. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಮರಾಠಿ ಹೆಸರಿತ್ತು. ಜನ ಮಾತ್ರ ಬಡಿಗ್ಯಾರ ಸಾಲಿ ಎನ್ನುತ್ತಿದ್ದರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ಮುಂದೆ ಓದಲು ಅನುಕೂಲವಿಲ್ಲದೆ, ಊರ ಲೆಕ್ಕ ಬರೆಯುವ ತಲಾಟಿ ಕೆಲಸವೂ ಸಿಗದೆ ಉಳಿದ ಹುಡುಗರು ಅಲ್ಲಿ ಎರಡು ವರ್ಷ ಮರಗೆಲಸ ಕಲಿಯುತ್ತಿದ್ದರು.

ತೇರದಾಳದ ಸುಪಾರ್ಶ್ವನೂ ಹಾಗೆಯೇ ಅಲ್ಲಿಗೆ ಬಂದವನು. ಅವನ ತಂದೆ ಪಾಯಪ್ಪ ಹೊಲ ಮನೆ ಇದ್ದ ಜೈನ ರೈತ. ಮಗ ಉಳಿ ಬಾಚಿ ಹಿಡಿಯುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಸರ್ಟಿಫಿಕೇಟು ಸಿಕ್ಕರೆ ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ ಸಿಗುತ್ತದೆ ಎಂದು ಯಾರೋ ಹೇಳಿದ ಮೇಲೆ ಒಪ್ಪಿಕೊಂಡ. ಸುಪಾರ್ಶ್ವನಿಗೋ ಮೊದಲ ದಿನವೇ ಮರದ ವಾಸನೆ ಹಿಡಿಸಿಬಿಟ್ಟಿತು. ನಕ್ಷೆ ಬರೆಯುವುದರಲ್ಲಿ ಅವನದೇ ಮೇಲುಗೈ. ಎರಡು ಮರದ ತುಂಡುಗಳನ್ನು ಅವನು ಕೂಡಿಸಿದರೆ ನಡುವೆ ಉಗುರು ತೂರುತ್ತಿರಲಿಲ್ಲ.

ಆ ವರ್ಷ ದರ್ಬಾರಿನವರು ನೇಕಾರರಿಗೆ ಹೊಸ ಮಾದರಿಯ ಮಗ್ಗ ಕೊಡಬೇಕೆಂದು ತೀರ್ಮಾನಿಸಿದ್ದರು. ಲಾಳಿಯನ್ನು ಕೈಯಿಂದ ತೂರದೆ, ಹಗ್ಗ ಜಗ್ಗಿ ಓಡಿಸುವ ಮಗ್ಗ. ಕಡೆಯ ವರ್ಷದ ಹುಡುಗರೆಲ್ಲ ಪರೀಕ್ಷೆಗೆಂದು ಅದನ್ನೇ ಮಾಡಿದರು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಪುಣೆಯಿಂದ ಬಂದ ಪರೀಕ್ಷಕರು ಒಂದೊಂದನ್ನೂ ಬಗ್ಗಿ ನೋಡಿ, ಬೆರಳಿನಿಂದ ತಟ್ಟಿ, ಸುಪಾರ್ಶ್ವನ ಮಗ್ಗಕ್ಕೆ ಮೊದಲ ನಂಬರು ಕೊಟ್ಟರು. ದಸರೆಯಲ್ಲಿ ಅದು ಅರಮನೆಯ ಪ್ರದರ್ಶನದಲ್ಲಿ ನಿಂತು, ಅಲ್ಲಿಂದ ಬನಹಟ್ಟಿಯ ಧರೆಪ್ಪನೆಂಬ ನೇಕಾರನ ಮನೆಗೆ ಹೋಯಿತು. ಸುಪಾರ್ಶ್ವ ಅದೇ ಶಾಲೆಯಲ್ಲಿ ಸಹಾಯಕ ಮಾಸ್ತರನಾದ. ಪಾಯಪ್ಪ ಕನ್ನಡಿ ಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಪಡಸಾಲೆಯಲ್ಲಿ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದ.

ಮುಂದಿನ ವೈಶಾಖದಲ್ಲಿ ಧರೆಪ್ಪನ ಹೆಂಡತಿ ಸಾತವ್ವ ಶಾಲೆಯ ಅಂಗಳಕ್ಕೆ ಬಂದು ನಿಂತಳು. ಹಣೆಗೆ ಬಟ್ಟೆ ಕಟ್ಟಿತ್ತು, ಬಟ್ಟೆಯ ಅಂಚಿನಲ್ಲಿ ಅರಿಸಿನ ಸೋರಿ ಒಣಗಿತ್ತು.

“ನಮ್ಮ ಮನೀ ಮಗ್ಗ ಮಾಡಿದವರು ಯಾರ್ರೀ?”

ಸುಪರಿಂಟೆಂಡೆಂಟ್ ನೀಲಕಂಠರಾಯರು ಕಚೇರಿಯಿಂದ ಹೊರಗೆ ಬಂದರು. ಹುಡುಗರು ಮರಕ್ಕೆ ರಂದ ಹೊಡೆದು ನುಣುಪು ಮಾಡುವುದನ್ನು ನಿಲ್ಲಿಸಿದರು. ಸುಪಾರ್ಶ್ವ ಮುಂದೆ ಬಂದು, “ನಾನs ಯವ್ವಾ,” ಎಂದ.

ಸಾತವ್ವ ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಬೈಯಲೆಂದೇ ಬಂದವಳಿಗೆ ಆ ಎಳೆಯ ಮುಖ ನೋಡಿ ದನಿ ಏರಲಿಲ್ಲ.

“ಶಿವರಾತ್ರಿತನಾ ಛಲೋ ನಡೀತಪ್ಪಾ. ಬಿಸಲ ಏರಿದಂಗ ಮಗ್ಗ ಒಣಗಿ ಸೆಟಗೊಂಡು ಕುಂತೈತಿ. ಲಾಳಿ ಹಾದಿ ಬಿಟ್ಟು ಹಾರತೈತಿ. ಮೊನ್ನಿ ನಾ ಬಾಜೂಕ ಕುಂತು ನೂಲ ಸುತ್ತಾಕತ್ತಿದ್ನಿ, ಬಂದು ಹಣಿಗೆ ಬಡೀತು. ಎರಡ ಬೆರಳ ಕೆಳಗ ಬಡದಿದ್ರ ಕಣ್ಣs ಹೋಗತಿತ್ತು.”

ನೀಲಕಂಠರಾಯರು ಗಾಬರಿಯಾಗಿ, “ಕೂಡ್ರವಾ, ಕೂಡ್ರು. ಆ ಭಾಗ ಬದಲು ಮಾಡಿಸಿ ಕೊಡ್ತೀವಿ. ಪರೀಕ್ಷಾದಾಗ ಮೊದಲನೇ ನಂಬರು ಬಂದ ಮಗ್ಗ ಅದು. ಹಿಂಗ್ಯಾಕ ಆತೋ!” ಎಂದರು.

“ಪರೀಕ್ಷಾ ಮಾಡಿದವರು ಅದರಾಗ ಕುಂತು ನೇದು ನೋಡಿದ್ರೇನ್ರೀ?”

“ಇಲ್ಲ.”

“ಮತ್ತ ಪಾಸ್ ಹೆಂಗಾತ್ರೀ?”

ಆಕೆ ಕುಹಕವಾಡಿದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದಳು. ನೀಲಕಂಠರಾಯರು ಸುಪಾರ್ಶ್ವನತ್ತ ತಿರುಗಿದರು. ಸುಪಾರ್ಶ್ವ ಆಕೆಯ ಹಣೆಯ ಬಟ್ಟೆಯನ್ನು ನೋಡುತ್ತಿದ್ದ. ಊರಲ್ಲಿ ತೂಗುಬಿದ್ದಿದ್ದ ಕನ್ನಡಿ ಕಟ್ಟು ಯಾಕೋ ಅವನ ಕಣ್ಣ ಮುಂದೆ ಬಂತು.

ಬೇಸಿಗೆ ರಜೆ ಬಂದದ್ದೇ ಅವನು ಊರಿಗೆ ಹೋಗದೆ ರಬಕವಿಗೆ ಹೋಗಿ ಸೋದರತ್ತೆ ಅನುಸೂಯಾಬಾಯಿಯ ಮನೆಯಲ್ಲಿ ಇಳಿದುಕೊಂಡ. ರಬಕವಿಯಿಂದ ಬನಹಟ್ಟಿಗೆ ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುವಷ್ಟರಲ್ಲಿ ನಡೆದು ಹೋಗಬಹುದು. ಆದರೆ ರಬಕವಿ ಸಾಂಗಲಿಯವರ ಸೀಮೆ, ಬನಹಟ್ಟಿ ಜಮಖಂಡಿಯವರದು. ದಿನಾಲೂ ಬೆಳಿಗ್ಗೆ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಕೆಲಸಕ್ಕೆ ಹೋಗುವ ಅಳಿಯ ಎಂದು ಅತ್ತೆ ನಗುತ್ತಿದ್ದಳು.

ಧರೆಪ್ಪ ಮೊದಲ ದಿನ ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಳೆಯ ಮಗ್ಗದಲ್ಲಿ ನೇಯುತ್ತ ಕುಳಿತಿದ್ದ. ಹೊಸ ಮಗ್ಗ ಪಕ್ಕದಲ್ಲಿ ಬರಿದಾಗಿ ನಿಂತಿತ್ತು. ಸುಪಾರ್ಶ್ವ ಅದರ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ನೋಡಿದ. ಲಾಳಿ ಓಡುವ ಹಲಗೆ ನಡುವೆ ಬಾಗಿತ್ತು. ಅವನು ಹೆಮ್ಮೆಪಟ್ಟುಕೊಂಡಿದ್ದ ಜೋಡಣೆಗಳು ಬಾಯಿ ಬಿಟ್ಟಿದ್ದವು. ಶಾಲೆಯಲ್ಲಿ ಅವರಿಗೆ ಕೊಟ್ಟದ್ದು ಆಗಷ್ಟೇ ಕಡಿದು ತಂದ ಸಾಗವಾನಿ. ಮಳೆಗಾಲದ ಥಂಡಿಯಲ್ಲಿ ಅದು ಉಬ್ಬಿಕೊಂಡು ಬಿಗಿಯಾಗಿ ಕೂತಿತ್ತು. ಪರೀಕ್ಷಕರು ತಟ್ಟಿ ನೋಡಿದ್ದು ಆ ಬಿಗಿಯನ್ನು. ಮರ ಒಣಗಬೇಕು ಎಂದು ಪುಸ್ತಕದಲ್ಲಿ ಇರಲಿಲ್ಲವೆಂದಲ್ಲ. ಇತ್ತು, ಅವನು ಅದನ್ನು ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಬರೆದಿದ್ದ. ಆದರೆ ಶ್ರಾವಣಕ್ಕೆ ಪರೀಕ್ಷೆ, ಆಷಾಢಕ್ಕೆ ಮರ. ಯಾರಿಗೂ ಕಾಯಲು ಪುರಸೊತ್ತಿರಲಿಲ್ಲ.

“ಹುಣಸಿ ಕಟ್ಟಿಗಿ ಹಾಕಿ ಮಾಡು, ಗಟ್ಟಿ ಇರತೈತಿ,” ಎಂದು ಧರೆಪ್ಪ ಕೊನೆಗೊಮ್ಮೆ ಬಾಯಿ ಬಿಟ್ಟ.

ಹಿರಿಯರ ಮಾತೆಂದು ಸುಪಾರ್ಶ್ವ ಹುಣಸೆಯಲ್ಲೇ ಹಲಗೆ ಮಾಡಿದ. ಅದು ಭಾರವಾಗಿ, ಮಧ್ಯಾಹ್ನದ ಹೊತ್ತಿಗೆ ಧರೆಪ್ಪನ ರಟ್ಟೆ ಸೋತುಹೋಯಿತು. “ಅಯ್ಯ, ನಂದs ತಪ್ಪಾತು,” ಎಂದು ಅವನು ನಕ್ಕ. ಆ ನಗುವಿನಿಂದ ಇಬ್ಬರ ನಡುವೆ ಮಾತು ಸಲೀಸಾಯಿತು. ನೇಕಾರನಿಗೆ ಮರ ಗೊತ್ತಿರಲಿಲ್ಲ, ಬಡಿಗನಿಗೆ ನೇಯ್ಗೆ ಗೊತ್ತಿರಲಿಲ್ಲ. ಸುಪಾರ್ಶ್ವ ಕುಣಿಗಿಳಿದು ತಾನೇ ನೇಯಲು ಕೂತ. ಎಳೆ ಹರಿದ, ಹರಿದದ್ದನ್ನು ಜೋಡಿಸುವುದು ಕಲಿತ. ಹಗ್ಗ ಎಷ್ಟು ಜಗ್ಗಿದರೆ ಲಾಳಿ ಎಲ್ಲಿಗೆ ಮುಟ್ಟುತ್ತದೆ, ಯಾವ ತಾಳಕ್ಕೆ ಕಾಲು ಒತ್ತಬೇಕು ಎಂಬುದು ಮೈಗೆ ಹತ್ತತೊಡಗಿದ ಮೇಲೆ, ಎರಡು ವರ್ಷ ತಾನು ಬರೆದ ನಕ್ಷೆಯಲ್ಲಿ ಕೂತು ನೇಯುವ ಮನುಷ್ಯನೇ ಇರಲಿಲ್ಲ ಎಂದು ಅವನಿಗೆ ಅನಿಸಿತು.

ಅವನು ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ, ಉಳ್ಳಾಗಡ್ಡಿ ಮುಟ್ಟುವವನಲ್ಲ. ಇದು ಗೊತ್ತಾದ ದಿನದಿಂದ ಸಾತವ್ವ ಬಿಸಿಲಿರುವಾಗಲೇ ರೊಟ್ಟಿ ಬಡಿದು, ಬೇರೆ ಗಡಿಗೆಯಲ್ಲಿ ಬರೀ ಬೇಳೆ ಬೇಯಿಸಿಡುತ್ತಿದ್ದಳು. ಮೊದಮೊದಲು ಅವನು ಬೇಡವೆಂದ. ಆಮೇಲೆ ಅತ್ತೆಗೆ ಹೇಳದೆ ಉಂಡ. ಕೊನೆಗೆ ಅತ್ತೆಗೂ ಹೇಳಿದ.

ಜೂನ್‌ನಲ್ಲಿ ಶಾಲೆ ತೆರೆದಾಗ ಸುಪಾರ್ಶ್ವ ನೀಲಕಂಠರಾಯರ ಮುಂದೆ ನಿಂತು ತಡವರಿಸುತ್ತ ತನ್ನ ವಿಚಾರ ಹೇಳಿದ. ಎರಡನೆಯ ವರ್ಷದ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೇಕಾರರ ಮನೆಗೆ ಹಚ್ಚಬೇಕು. ಅಲ್ಲಿ ನೇಯಲು ಕಲಿತು, ಆ ಮನೆಗೆಂದೇ ಮಗ್ಗ ಮಾಡಬೇಕು. ಆ ಮಗ್ಗ ಒಂದು ಬೇಸಿಗೆ ದಾಟಬೇಕು. ದಾಟಿದ ಮೇಲೆ ಆ ಮನೆಯವರು ಹೂಂ ಎಂದರೆ ಮಾತ್ರ ಸರ್ಟಿಫಿಕೇಟು.

ನೀಲಕಂಠರಾಯರು ಕೆಟ್ಟವರಲ್ಲ. ಇಂಥ ಶಾಲೆಗಾಗಿ ದರ್ಬಾರಿನ ಬಾಗಿಲು ಕಾಯ್ದು ಕಾಯ್ದು ಅವರ ಕೂದಲು ಹಣ್ಣಾಗಿತ್ತು.

“ಸುಪಾರ್ಶ್ವ, ನೀ ಹೇಳೋದು ಖರೆ ಅದ. ಆದ್ರ ಒಂದು ವರ್ಷ ಯಾರಿಗೂ ಸರ್ಟಿಫಿಕೇಟಿಲ್ಲಂದ್ರ ದರ್ಬಾರದವರು ಸಾಲಿನs ಮುಚ್ಚತಾರ. ಎಷ್ಟು ಮಂದಿ ಪಾಸಾದ್ರು ಅಂತ ಕೇಳ್ತಾರ, ಏನು ಕಲತ್ರು ಅಂತ ಯಾರೂ ಕೇಳೂದಿಲ್ಲ.”

“ಹಂಗಾದ್ರ ನಂದು ತಗೋರಿ ಸರ್.”

“ಏನು?”

“ನನ್ನ ಸರ್ಟಿಫಿಕೇಟು. ನನ್ನ ಮಗ್ಗ ಒಂದು ಬ್ಯಾಸಿಗಿ ಸುದ್ದಾ ದಾಟಲಿಲ್ಲ. ಅದನ್ನ ಇಟಗೊಂಡು ಹುಡುಗರಿಗೆ ನಾ ಏನಂತ ಕಲಸಲಿ? ನಾನೂ ಅವರ ಕೂಡ ಮತ್ತೊಮ್ಮೆ ಕಲೀತೇನ್ರಿ.”

“ಅದಿಲ್ದ ನೀ ಮಾಸ್ತರ ಹೆಂಗಾಗಿರ್ತಿ?”

“ಬ್ಯಾಡ್ರೀ.”

ರಾಯರು ಹುಡುಗರ ಪಟ್ಟಿ ತೆಗೆದರು. ನಾಲ್ಕು ಮಂದಿ ಹುಡುಗರನ್ನು ಮಾತ್ರ ಈ ರೀತಿಗೆ ಬಿಟ್ಟು ನೋಡೋಣ, ಉಳಿದವರಿಗೆ ಹಳೆಯ ಪರೀಕ್ಷೆಯೇ ಇರಲಿ ಎಂದರು. ಸುಪಾರ್ಶ್ವ ಐದನೆಯವನಾದ. ಮಾಸ್ತರಿಕೆ ಹೋಯಿತು.

ಸುದ್ದಿ ತೇರದಾಳ ಮುಟ್ಟಿತು. ಪಾಯಪ್ಪ ಗಾಡಿ ಕಟ್ಟಿಕೊಂಡು ಬಂದ.

“ಯಾರು ತೆಲಿ ಕೆಡಿಸಿದ್ರೋ ನಿಂದು? ಸಿಕ್ಕ ನೌಕರಿ ಬಿಟ್ಟು ಯಾರದೋ ಮನ್ಯಾಗ ಕುಣ್ಯಾಗ ಹೋಗಿ ಕುಂಡ್ರತಾನಂತ! ಮಂದಿಗೆ ನಾ ಏನಂತ ಹೇಳಲಿ?”

“ಅಪ್ಪಾ, ನಾ ಇನ್ನೂ ಕಲತಿಲ್ಲ.”

“ಕಲತಿಲ್ಲಂದ್ರ ಅವರ್ಯಾಕ ಕೊಟ್ರು ಕಾಗದ?”

“ಅದನ್ನs ನಾನೂ ಕೇಳಾಕತ್ತೇನಿ.”

ಪಾಯಪ್ಪ ಅಂದಿನಿಂದ ಮಗನೊಡನೆ ಮಾತು ಬಿಟ್ಟ. ಮನೆಗೆ ಹೋಗಿ ಕನ್ನಡಿ ಕಟ್ಟು ಇಳಿಸಿ, ಆಳಿನ ಕೈಯಲ್ಲಿ ಕಳಿಸಿಕೊಟ್ಟ. ಅದರೊಡನೆ ತಾಯಿ ಬಾಳವ್ವ ಒಂದು ಗಂಟು ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು. ತಂದೆಗೆ ಅದು ಗೊತ್ತಿತ್ತೋ ಇಲ್ಲವೋ.

ಬನಹಟ್ಟಿಯ ಓಣಿಗಳಲ್ಲಿ ಹುಡುಗರಿಗೆ ಮನೆ ಸಿಗುವುದು ಸುಲಭವಾಗಲಿಲ್ಲ. ಸರಕಾರದವರು ನಮ್ಮ ಕಸುಬು ಕದಿಯಲು ಮಕ್ಕಳನ್ನು ಕಳಿಸಿದ್ದಾರೆ ಎಂದು ಕೆಲವರು ಬಾಗಿಲು ಹಾಕಿಕೊಂಡರು. ನಾಲ್ಕರಲ್ಲಿ ಮೂವರಿಗೆ ಸಾತವ್ವನೇ ಮನೆ ಹುಡುಕಿದಳು. ಗಾಯದ ಕಲೆಯ ಮೇಲೆ ಕುಂಕುಮ ಹಚ್ಚಿಕೊಂಡು, ಸುಪಾರ್ಶ್ವನನ್ನು ಕರೆದುಕೊಂಡು ಓಣಿ ಓಣಿ ತಿರುಗಿ, “ಇವ ನನ್ನ ಹಣಿ ಒಡದಾವ. ಒಡದು ಓಡಿ ಹೋಗಲಿಲ್ಲ, ತಿರಗಿ ಬಂದಾನ. ಅಂಥವನ ಮಾತಿಗೆ ಒಂದು ವರ್ಷ ಜಾಗಾ ಕೊಡಾಕ ಏನ್ ಹೋಗತೈತಿ?” ಎಂದು ಕೇಳುತ್ತಿದ್ದಳು. ನಾಲ್ಕನೆಯವನು ಅಪ್ಪಾಸಾಬ, ಬೀಳಗಿ ಕಡೆಯ ಒಬ್ಬ ಇನಾಮದಾರನ ಮಗ. ತಂದೆಯ ಪರಿಚಯದಿಂದ ಒಬ್ಬ ದೊಡ್ಡ ನೇಕಾರನ ಮನೆಯಲ್ಲಿ ಅವನಿಗೆ ಜಾಗ ಸಿಕ್ಕಿತು. ಅವನು ಅಲ್ಲಿಗೆ ಹೋಗುತ್ತಿದ್ದದ್ದು ಕಡಿಮೆ.

ಮರದ ಚಿಂತೆಗೆ ದಾರಿ ತೋರಿಸಿದವರು ನೀಲಕಂಠರಾಯರು. ಮುಧೋಳದಲ್ಲಿ ಒಂದು ಹಳೆಯ ವಾಡೆ ಕೆಡವುತ್ತಿದ್ದರು. ಹಲವು ತಲೆಮಾರು ಒಣಗಿದ ಸಾಗವಾನಿ ತೊಲೆಗಳನ್ನು ಅಲ್ಲಿಂದ ಚಕ್ಕಡಿಯಲ್ಲಿ ತರಿಸಿದರು. ಗರಗಸ ಹಾಕಿದಾಗ ಆ ಹಳೆಯ ಮರದಿಂದ ಎಣ್ಣೆಯ ಘಮ ಬಂತು. ದಸರೆಯ ಹೊತ್ತಿಗೆ ಐದು ಮಗ್ಗಗಳೂ ಐದು ಮನೆಗಳಲ್ಲಿ ನಿಂತವು. ಈ ಸಲ ಸುಪಾರ್ಶ್ವ ಮೊದಲು ಧರೆಪ್ಪನನ್ನು ಕೂರಿಸಿ, ಅವನ ಕಾಲು ಎಲ್ಲಿಗೆ ಮುಟ್ಟುತ್ತದೆ, ಕೈ ಎಷ್ಟು ಚಾಚುತ್ತದೆ ಎಂದು ನೋಡಿ, ಆಮೇಲೆ ನಕ್ಷೆ ಬರೆದಿದ್ದ.

ಸಂಕ್ರಾಂತಿ ದಾಟಿತು, ಶಿವರಾತ್ರಿ ದಾಟಿತು. ಚೈತ್ರದ ಬಿಸಿಲು ಏರಿದಾಗ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಾಗುತ್ತಲೇ ಹೋಗಿ ಹಲಗೆಯ ಮೇಲೆ ಅಂಗೈ ಆಡಿಸುತ್ತಿದ್ದ. ಬಾಗಿರಲಿಲ್ಲ. ಲಾಳಿ ಹೊಳೆಯ ಮೀನಿನ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ಓಡುತ್ತಿತ್ತು. ಧರೆಪ್ಪ ನೇಯುತ್ತ ನೇಯುತ್ತ ಹಾಡಿಕೊಳ್ಳುತ್ತಿದ್ದ. ಅದನ್ನು ಕೇಳಿ ಸುಪಾರ್ಶ್ವನಿಗೆ ಗೆದ್ದೆನೆನಿಸಿತು.

ಮೃಗಶಿರದ ಮೊದಲ ಹನಿ ಬೀಳುವ ಮುಂಚೆ ದರ್ಬಾರಿನ ಒಬ್ಬ ಅಧಿಕಾರಿ ನೀಲಕಂಠರಾಯರ ಜೊತೆ ಬನಹಟ್ಟಿಗೆ ಬಂದರು. ಜರಿ ಪಗಡಿ ಸುತ್ತಿದ ಗಂಭೀರ ಮನುಷ್ಯ. ಈ ಹೊಸ ಪದ್ಧತಿ ಹುಡುಗಾಟ ಎಂದು ಅವರು ಮೊದಲೇ ತೀರ್ಮಾನಿಸಿದಂತಿತ್ತು. ಮೂರು ಮನೆಗಳಲ್ಲಿ ಹುಡುಗರ ಮಗ್ಗಗಳು ಚೆನ್ನಾಗಿವೆ ಎಂದು ಮನೆಯವರು ಹೇಳಿದರು. ಅಪ್ಪಾಸಾಬನ ಮನೆಯ ಯಜಮಾನ ಅತ್ತ ಇತ್ತ ನೋಡಿ, ಇನಾಮದಾರರ ಮಗನೆಂಬ ದಾಕ್ಷಿಣ್ಯಕ್ಕೆ, “ಛಲೋ ಐತ್ರಿ,” ಎಂದುಬಿಟ್ಟ. ಮಗ್ಗದ ಮೇಲೆ ಧೂಳು ಕೂತಿತ್ತು. ಅಧಿಕಾರಿ ರಾಯರತ್ತ ತಿರುಗಿ ಮುಗುಳ್ನಕ್ಕರು.

“ಎಲ್ಲಾರೂ ಛಲೋ ಅಂತಾರ ರಾಯರ. ಇದಕ್ಕೂ ಹಳೇ ಪರೀಕ್ಷಾಕ್ಕೂ ಏನು ಫರಕ ಆತು?”

ರಾಯರ ಮುಖ ಬಾಡಿತು.

ಕೊನೆಗೆ ಧರೆಪ್ಪನ ಮನೆ. ಓಣಿಯ ಅರ್ಧ ಜನ ಬಾಗಿಲಲ್ಲಿ ಸೇರಿದ್ದರು. ಧರೆಪ್ಪ ಒಂದು ಮೊಳ ನೇಯ್ದು ತೋರಿಸಿ, “ಇಂಥಾ ಮಗ್ಗ ನನ್ನ ಜನ್ಮದಾಗ ಕಂಡಿಲ್ರಿ,” ಎಂದ. ಅಧಿಕಾರಿ ಹೊರಡಲು ಎದ್ದರು. ಆಗ ನೀಲಕಂಠರಾಯರಿಗೆ ಏನನಿಸಿತೋ, ಒಲೆಯ ಬಳಿ ನಿಂತಿದ್ದವಳ ಕಡೆ ತಿರುಗಿ, “ನೀ ಏನಂತಿಯವಾ ಸಾತವ್ವ?” ಎಂದು ಕೇಳಿದರು.

ಸಾತವ್ವ ಸೆರಗು ತಿರುವುತ್ತ ಸುಪಾರ್ಶ್ವನನ್ನು ನೋಡಿದಳು. ಆಕೆಯ ಕಣ್ಣು ತುಂಬಿ ಬಂದಿತ್ತು.

“ಇನ್ನೂ ಆಗಿಲ್ರಿ.”

ಧರೆಪ್ಪ, “ಏ, ಏನಂತೀಯಲೇ!” ಎಂದು ಗದರಿದ.

“ನೀವು ಸುಮ್ನಿರ್ರಿ. ನಿಮಗ ದಮ್ಮು ಹತ್ತಿದಾಗ ನೇಯಾಕ ಯಾರು ಕುಂಡ್ರತಾರ? ವರ್ಷದಾಗ ಅರ್ಧಾ ನೇಯೂದು ನಾ. ಇದನ್ನ ನಿಮ್ಮ ಅಳತಿಗೆ ಮಾಡ್ಯಾನ. ನನ್ನ ಕಾಲು ಮುಟ್ಟೂದಿಲ್ಲ, ಜಗ್ಗಿ ಜಗ್ಗಿ ಹೆಗಲು ಬಿದ್ದು ಹೋಗತೈತಿ. ನಾನೂ ಕುಂಡ್ರತೇನಿ ತಮ್ಮಾ ಅಂತ ಇವಗ ಎರಡ ಸಲ ಹೇಳಿದ್ನಿ. ಹೂಂ ಅಂದಾ, ಮರತಾ.” ಆಮೇಲೆ ದನಿ ತಗ್ಗಿಸಿ, “ನನ್ನ ಮಗ ಇದ್ದಂಗ ಅದಾನ್ರೀ. ಆದ್ರ ಕೇಳಿದ್ದು ಮಗ್ಗದ ಮಾತಲ್ಲೇನ್ರಿ?” ಎಂದಳು.

ಒಂದು ಕ್ಷಣ ಸುಪಾರ್ಶ್ವನಿಗೆ ಆಕೆಯ ಮೇಲೆ ಸಿಟ್ಟೇ ಬಂತು. ನೌಕರಿ ಬಿಟ್ಟೆ, ಅಪ್ಪನ ಮಾತು ಕಳಕೊಂಡೆ, ಇಷ್ಟು ಮಂದಿಯ ಮುಂದೆ ಹೀಗೇ? ಆಮೇಲೆ ನೆನಪಾಯಿತು. ರೊಟ್ಟಿ ಬಡಿಯುತ್ತ ಆಕೆ ಹೇಳಿದ್ದು ನಿಜ, ತಾನು ನಕ್ಷೆಯಿಂದ ತಲೆ ಎತ್ತದೆ ಹೂಂಗುಟ್ಟಿದ್ದೂ ನಿಜ. ಮನುಷ್ಯನನ್ನು ನೋಡಿ ಮಗ್ಗ ಮಾಡಿದೆನೆಂದು ಬೀಗುತ್ತಿದ್ದವನು ಮನೆಯಲ್ಲಿ ಒಬ್ಬನನ್ನು ಮಾತ್ರ ನೋಡಿದ್ದ.

“ಆಕಿ ಹೇಳೂದು ಬರೋಬ್ಬರಿ ಐತ್ರಿ,” ಎಂದ. “ಇನ್ನೂ ಆಗಿಲ್ಲಂತ ಬರಕೋರಿ.”

ಅಧಿಕಾರಿ ಮತ್ತೆ ಕೂತರು. ಈ ಸಲ ಅವರ ಮುಖದಲ್ಲಿ ನಗುವಿರಲಿಲ್ಲ. “ಇವ ನಿಮ್ಮ ಸಾಲ್ಯಾಗ ಮಾಸ್ತರ ಇದ್ದಾವ ಅಲ್ಲೇನು ರಾಯರ?”

“ಹೌದು. ಈ ವಿಚಾರ ತಂದಾವನೂ ಇವನs.”

ಅಧಿಕಾರಿ ಎದ್ದು, “ಆ ಧೂಳು ಹಿಡದ ಮಗ್ಗದ ಮನಿಗೆ ಮತ್ತೊಮ್ಮೆ ಹೋಗೂಣು ನಡೀರಿ,” ಎಂದರು. ಓಣಿಯ ಜನ ಹಿಂದೆ ಹೊರಟರು. ಸಾತವ್ವನ ಮಾತು ಅವರಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಯಜಮಾನ ಬಾಗಿಲಲ್ಲೇ ಕೈ ಮುಗಿದು, “ತಪ್ಪಾತ್ರಿ, ಅದು ನಡಿಯೂದಿಲ್ಲ. ಹುಡುಗ ಇನ್ನೊಂದು ವರ್ಷ ಬಂದ್ರ ಮನಸಗೊಟ್ಟು ಕಲಸ್ತೇನಿ,” ಎಂದ. ಅಪ್ಪಾಸಾಬ ತಲೆ ತಗ್ಗಿಸಿ ನಿಂತಿದ್ದ.

ಮೂವರಿಗೆ ಸರ್ಟಿಫಿಕೇಟು ಸಿಕ್ಕಿತು, ಇಬ್ಬರಿಗೆ ಸಿಗಲಿಲ್ಲ. ದರ್ಬಾರಿನವರು ಆ ಪದ್ಧತಿ ಇನ್ನೆರಡು ವರ್ಷ ನಡೆಯಲಿ ಎಂದರು. ಅದಕ್ಕಿಂತ ದೊಡ್ಡದು ಓಣಿಯಲ್ಲಿ ಆಯಿತು. ನೇಕಾರರ ಮನೆಯ ಹೆಂಗಸು ಇಲ್ಲವೆಂದರೆ ದರ್ಬಾರಿನವರು ಕೂತು ಕೇಳುತ್ತಾರೆ ಎಂದ ಮೇಲೆ, ಹಿಂದಿನ ವರ್ಷ ಬಾಗಿಲು ಹಾಕಿಕೊಂಡವರೇ ನಮ್ಮ ಮನೆಗೂ ಒಬ್ಬನನ್ನು ಕಳಿಸಿರಿ ಎಂದು ಹೇಳಿಕಳಿಸಿದರು. ಒಬ್ಬ ಮುದುಕ, ತನ್ನ ಮಗನಿಗೆ ಶಾಲೆಯಲ್ಲಿ ನಕ್ಷೆ ಕಲಿಸಿದರೆ ಇಬ್ಬರು ಹುಡುಗರಿಗೆ ಜಾಗ ಕೊಡುತ್ತೇನೆಂದ. ರಾಯರು ಖುಷಿಯಿಂದ ಒಪ್ಪಿದರು. ಹಾಗೆ ಓಣಿಯ ಮಕ್ಕಳು ಶಾಲೆಗೆ, ಶಾಲೆಯ ಹುಡುಗರು ಓಣಿಗೆ ಓಡಾಡತೊಡಗಿದರು.

ಸುಪಾರ್ಶ್ವ ಮಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ. ಕಾಲೊತ್ತುವ ಹಲಗೆಯನ್ನೂ ಮೇಲಿನ ಅಡ್ಡಪಟ್ಟಿಯನ್ನೂ ಗೂಟ ಕಿತ್ತು ಮೇಲೆ ಕೆಳಗೆ ಮಾಡುವಂತೆ ತೂತು ಕೊರೆದ. ಗಂಡ ಕೂತಾಗ ಒಂದು ಎತ್ತರ, ಹೆಂಡತಿ ಕೂತಾಗ ಇನ್ನೊಂದು. ಈಗ ಪ್ರತಿ ಗೂಟಕ್ಕೂ ಸಾತವ್ವನನ್ನು ಕುಣಿಗಿಳಿಸಿ ಕೇಳುತ್ತಿದ್ದ. ಆಕೆಗೆ ಬೇಸರ ಬಂದು, “ಸಾಕ ಬಿಡೋ, ನನಗ ಒಲಿ ಮ್ಯಾಲ ಬ್ಯಾಳಿ ಐತಿ,” ಎನ್ನುವ ತನಕ.

ಮುಂದಿನ ಬೇಸಿಗೆಯ ನಡುವೆ ಒಂದು ಮಧ್ಯಾಹ್ನ ಪಾಯಪ್ಪ ಯಾರಿಗೂ ಹೇಳದೆ ಬನಹಟ್ಟಿಗೆ ಬಂದ. ಮಗ ಧರೆಪ್ಪನ ಮನೆಯಲ್ಲಿರಲಿಲ್ಲ, ಇನ್ನೊಂದು ಓಣಿಗೆ ಹುಡುಗರನ್ನು ನೋಡಲು ಹೋಗಿದ್ದ. ಸುಪಾರ್ಶ್ವ ತಿರುಗಿ ಬಂದಾಗ ತಂದೆ ಮಗ್ಗದ ಪಕ್ಕ ಕೂತು ಸಾತವ್ವ ಕೊಟ್ಟ ನೀರುಮಜ್ಜಿಗೆ ಕುಡಿಯುತ್ತಿದ್ದ. ಸಾತವ್ವ ಲಟಕ್ ಲಟಕ್ ಎಂದು ನೇಯುತ್ತಿದ್ದಳು.

ಪಾಯಪ್ಪ ಮಗನನ್ನು ಕಂಡರೂ ತಲೆ ಎತ್ತಲಿಲ್ಲ. ಮಗ್ಗದ ಮರದ ಮೇಲೆ ಹೆಬ್ಬೆರಳು ಆಡಿಸಿದ. ಜೋಡಣೆಯ ಸಂದಿಗೆ ಉಗುರು ಹಾಕಿ ನೋಡಿದ. ಆಮೇಲೆ,

“ನಮ್ಮ ಕೂರಗಿ ಹಳೇದಾಗೇತಿ,” ಎಂದ. “ಬೀಜ ಒಂದ ಕಡೆ ದಟ್ಟ ಬೀಳತಾವು, ಒಂದ ಕಡೆ ಬೀಳೂದs ಇಲ್ಲ. ನಿನಗ ಮಾಡಾಕ ಬರತೈತೇನು?”

ಸುಪಾರ್ಶ್ವನಿಗೆ ಹೂಂ ಎಂದುಬಿಡಬೇಕೆನಿಸಿತು. ಎರಡು ವರ್ಷದ ಹಿಂದಾಗಿದ್ದರೆ ಆ ಕ್ಷಣವೇ ನಕ್ಷೆಯ ಕಾಗದ ತೆಗೆಯುತ್ತಿದ್ದ.

“ಈಗ ಬರೂದಿಲ್ಲಪ್ಪಾ. ಮುಂಗಾರಿಗೆ ಬರತೇನಿ. ನೀವು ಬಿತ್ತೂ ಮುಂದ ಕೂರಗಿ ಹಿಂದ ನಾ ನಡೀಬೇಕು. ಅವ್ವನೂ ಬೀಜಾ ಬಿಡತಾಳಲಾ, ಆಕೀನ್ನೂ ಕೇಳಬೇಕು. ಆಮ್ಯಾಲ ಹೇಳತೇನಿ.”

ಪಾಯಪ್ಪ ಮಜ್ಜಿಗೆಯ ತಂಬಿಗೆ ಕೆಳಗಿಟ್ಟು ಮೀಸೆ ಒರೆಸಿಕೊಂಡ. “ನಡಿಯಾಕ ಬೂಟು ಹಾಕೊಂಡು ಬರಬ್ಯಾಡ ಮತ್ತ. ಎರಿ ಮಣ್ಣಿನ ಹೊಲ ಐತದು, ಹಸಿ ಆದ್ರ ಅಂಟಗೋತೈತಿ,” ಎಂದ.

ಸಾತವ್ವ ನಗು ತಡೆಯಲಾರದೆ ಲಾಳಿ ನಿಲ್ಲಿಸಿದಳು.